ಮಂಗಳವಾರ ಕಂಡದ್ದು, ಗುರುವಾರ ಮಾಡಿದ್ದು

ಈ ಬರಹವನ್ನು ನಾನು ಎರಡು ಸಲ ಬರೆದಿದ್ದೇನೆ. ಮೊದಲ ಸಲ ನೆನಪಿನಿಂದ ಬರೆದೆ. ಮುಗಿಸಿ ಓದಿದಾಗ ಅದರಲ್ಲಿ ನಾನು ಜಾಣೆಯಾಗಿ, ಸ್ವಲ್ಪ ದಿಟ್ಟೆಯಾಗಿಯೂ ಕಾಣುತ್ತಿದ್ದೆ. ಅನುಮಾನ ಬಂದದ್ದೇ ಅಲ್ಲಿ. ಲಾಫ್ಟಿನ ಮೇಲಿಂದ ಹಳೆಯ ಡೈರಿಗಳನ್ನು ಇಳಿಸಿ, ದೂಳು ಒರೆಸಿ, ಬರೆದದ್ದರ ಪಕ್ಕದಲ್ಲಿಟ್ಟು ನೋಡಿದೆ. ಹೊಂದಲಿಲ್ಲ. ಈಗ ನೀವು ಓದುತ್ತಿರುವುದು ಎರಡನೆಯದು.

ಮೂವತ್ತಕ್ಕೂ ಹೆಚ್ಚು ವರ್ಷ ನಾನು ಚೆನ್ನೈಯಲ್ಲಿ ಹಲ್ಲಿನ ಡಾಕ್ಟರಾಗಿದ್ದೆ. ಕೋಡಂಬಾಕ್ಕಂ ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಔಷಧಿ ಅಂಗಡಿಯ ಮೇಲೆ ಒಂದೇ ಕುರ್ಚಿಯ ಕ್ಲಿನಿಕ್. ಅಪ್ಪ ರೈಲ್ವೆಯಲ್ಲಿದ್ದರು, ಮೈಸೂರಿನ ಕಡೆಯವರು. ನಾನು ಓದಿದ್ದು, ಬೆಳೆದದ್ದು, ದುಡಿದದ್ದು ಎಲ್ಲ ಇಲ್ಲೇ. ಡ್ರಿಲ್ಲಿನಿಂದ ಬಾಯಿಗೆ ಬರುವ ನೀರನ್ನು ಶುದ್ಧವಾಗಿಡುವ ಒಂದು ಸಲಕರಣೆಯನ್ನು ಮಾಡಿದವಳೆಂದು ಈ ಊರಿನ ಹಲ್ಲಿನ ಡಾಕ್ಟರುಗಳ ನಡುವೆ ನನ್ನ ಹೆಸರು ಸ್ವಲ್ಪ ಓಡಾಡಿದೆ. ಹೊಸದಾಗಿ ಕೆಲಸಕ್ಕೆ ಇಳಿಯುತ್ತಿರುವ ನಿಮ್ಮಂಥವರು ಅದರ ಬಗ್ಗೆ ಬರೆಯಿರಿ ಎನ್ನುತ್ತೀರಿ. ಬರೆಯುತ್ತೇನೆ. ಆದರೆ ಅದರ ಜೊತೆಗೆ, ಒಬ್ಬ ಮನುಷ್ಯನಿಗೆ ಅವನ ದೇಹದ ಬಗ್ಗೆಯೇ ನಾನು ಹೇಳಿದ ಸುಳ್ಳನ್ನೂ, ಅದನ್ನು ಸುಳ್ಳೆಂದು ಒಪ್ಪಿಕೊಳ್ಳಲು ನಾನು ಎಷ್ಟು ವರ್ಷ ತೆಗೆದುಕೊಂಡೆ ಎಂಬುದನ್ನೂ ಬರೆಯಬೇಕು. ಅವರನ್ನು ಇಲ್ಲಿ ಗೋವಿಂದಣ್ಣ ಎನ್ನುತ್ತೇನೆ. ಅದು ಅವರ ನಿಜವಾದ ಹೆಸರಲ್ಲ.

ಮೊದಲು, ಸುಳ್ಳು ಹೇಳುವುದನ್ನು ಎಲ್ಲಿ ಕಲಿತೆ ಎಂಬುದು.

ಡಿಗ್ರಿ ಮುಗಿದ ಮೇಲೆ ಎರಡು ವರ್ಷ ಒಬ್ಬ ಹಿರಿಯ ಡಾಕ್ಟರ ಕೈಕೆಳಗೆ ಇದ್ದೆ. ನಾವೆಲ್ಲ ಅವರನ್ನು ಚೀಫ್ ಎನ್ನುತ್ತಿದ್ದೆವು. ಒಳ್ಳೆಯ ಕೈ. ಹಲ್ಲು ಕಿತ್ತದ್ದು ಗೊತ್ತಾಗುವುದರೊಳಗೆ ಹತ್ತಿ ಇಟ್ಟಿರುತ್ತಿದ್ದರು. ಒಂದು ದಿನ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸಿಗೆ ನಾನು ಕೀಳಬೇಕಾದ ಹಲ್ಲನ್ನು ಬಿಟ್ಟು ಅದರ ಪಕ್ಕದ್ದನ್ನು ಕಿತ್ತೆ. ಇಕ್ಕಳದ ತುದಿಯಲ್ಲಿ ಗಟ್ಟಿಮುಟ್ಟಾದ, ಒಂದು ಕಲೆಯೂ ಇಲ್ಲದ ಹಲ್ಲು. ಚೀಫ್ ಪಕ್ಕದ ಕುರ್ಚಿಯಿಂದ ಬಂದರು, ಇಕ್ಕಳವನ್ನು ಕೈಗೆ ತೆಗೆದುಕೊಂಡು ಹಲ್ಲನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿದರು.

"ಇದುವುಂ ಉಳ್ಳೆ ಕೆಟ್ಟುಪ್ಪೋಚು ಮ್ಮಾ," ಎಂದರು ಆ ಹೆಂಗಸಿಗೆ. ಇದೂ ಒಳಗೆ ಹಾಳಾಗಿತ್ತು, ಒಳ್ಳೆಯ ಹೊತ್ತಿಗೆ ತೆಗೆದಾಯಿತು ಎಂದು. ಆಕೆ ಹೋಗುವಾಗ ನನಗೆ ಕೈಮುಗಿದು ಹೋದರು.

ಮಧ್ಯಾಹ್ನ ಟೀ ಕುಡಿಯುವಾಗ ಚೀಫ್ ನನ್ನನ್ನು ಬೈಯಲಿಲ್ಲ. "ಪೇಷಂಟ್ ಎದುರಿಗೆ ಎರಡು ಮಾತು ಬಾಯಿಂದ ಬರಕೂಡದು. ತೆರಿಯಾದು, ತಪ್ಪು. ಅಷ್ಟೇ," ಎಂದರು. ಗೊತ್ತಿಲ್ಲ ಮತ್ತು ತಪ್ಪಾಯಿತು. ಆ ರಾತ್ರಿಯ ಡೈರಿಯಲ್ಲಿ ಆ ಮಾತು ಇದೆ. ಅದರ ಕೆಳಗೆ ನಾನು ಎರಡು ಗೆರೆ ಎಳೆದಿದ್ದೇನೆ. ಈಗ ನೋಡಿದರೆ ಚೀಫ್ ಮೇಲೆ ಸಿಟ್ಟು ಬರುವುದಿಲ್ಲ. ಗೆರೆ ಎಳೆದದ್ದು ನಾನು.

ಇನ್ನು ನೀರಿನ ವಿಷಯ. ಡ್ರಿಲ್ ತಿರುಗುವ ವೇಗಕ್ಕೆ ಹಲ್ಲು ಕಾದು ಬೇಯದಂತೆ ಅದರ ತುದಿಯಿಂದ ನೀರು ಚಿಮ್ಮುತ್ತಿರುತ್ತದೆ ಎಂಬುದು ನಿಮಗೆ ಗೊತ್ತು. ಆ ನೀರು ಎಲ್ಲಿಂದ ಬರುತ್ತದೆ ಎಂದು ನಾವು ಓದುವಾಗ ಯಾರೂ ಕೇಳುತ್ತಿರಲಿಲ್ಲ. ಕುರ್ಚಿಗೆ ಒಂದು ಪೈಪು, ಪೈಪಿಗೆ ಮಹಡಿಯ ಮೇಲಿನ ಟ್ಯಾಂಕು, ಟ್ಯಾಂಕಿಗೆ ಕೆಳಗಿನ ಸಂಪು, ಸಂಪಿಗೆ ಲಾರಿ. ಬೇಸಿಗೆಯಲ್ಲಿ ಲಾರಿ ನೀರಿಗೆ ಒಂದು ಬಣ್ಣವೂ ಬರುತ್ತಿತ್ತು. ನನ್ನ ಅಸಿಸ್ಟೆಂಟ್ ಜಯಂತಿ ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟುತ್ತಿದ್ದಳು. ಸಂಜೆಗೆ ಅದು ಕಾಫಿ ಶೋಧಿಸಿದ ಬಟ್ಟೆಯಂತಾಗುತ್ತಿತ್ತು. ನನಗೆ ಹೇಸಿಗೆಯಾಯಿತು. ಕುರ್ಚಿಗಳನ್ನು ರಿಪೇರಿ ಮಾಡುವ ಸೆಲ್ವಂನನ್ನು ಕರೆಸಿ ಟ್ಯಾಂಕಿನ ಸಂಪರ್ಕ ಕತ್ತರಿಸಿ, ಕುರ್ಚಿಯ ಪಕ್ಕಕ್ಕೆ ಒಂದು ಬಾಟಲಿ ಕೂರಿಸಿದೆ. ಅದಕ್ಕೆ ಕುಡಿಯುವ ಕ್ಯಾನ್ ನೀರು. ಈ ಊರಿನಲ್ಲಿ ಕ್ಯಾನ್ ನೀರು ಎಂದರೆ ಮುಗಿಯಿತು, ಅದಕ್ಕಿಂತ ಶುದ್ಧ ಇನ್ನೊಂದಿಲ್ಲ ಎಂಬ ನಂಬಿಕೆ. ನಾನೂ ಅದೇ ನಂಬಿಕೆಯವಳು. ಗೋಡೆಗೆ ಒಂದು ಬೋರ್ಡನ್ನೂ ಹಾಕಿಸಿದೆ: ಇಲ್ಲಿ ಕ್ಯಾನ್ ನೀರನ್ನು ಮಾತ್ರ ಬಳಸುತ್ತೇವೆ.

ಆ ಬೋರ್ಡನ್ನು ಓದಿ ನಕ್ಕವಳು ಲತಾ. ಅವಳ ಅಪ್ಪ ಧಾರವಾಡದಿಂದ ಬ್ಯಾಂಕಿನ ಕೆಲಸಕ್ಕೆಂದು ಇಲ್ಲಿಗೆ ಬಂದವರು. ನಾವು ಸ್ಕೂಲಿನಿಂದ ಸ್ನೇಹಿತೆಯರು. ಅವಳು ಮೈಕ್ರೋಬಯಾಲಜಿ ಓದಿ ಮಾಂಬಲದಲ್ಲಿ ಸ್ವಂತ ಲ್ಯಾಬ್ ಇಟ್ಟಿದ್ದಳು. ಹಲ್ಲು ತುಂಬಿಸಿಕೊಳ್ಳಲು ಬಂದವಳು, ಬಾಯಿ ಮುಕ್ಕಳಿಸಿ, "ಬಾಟ್ಲೀ ತೋರಸ್ತೀ, ಪೈಪ್ ಯಾವಾಗ ತೊಳ್ದಿ?" ಎಂದಳು. ಪೈಪನ್ನು ತೊಳೆಯುವುದು ಹೇಗೆ ಎಂದು ನಾನು ನಕ್ಕೆ. ಅವಳು ಎರಡು ಚಿಕ್ಕ ಬಾಟಲಿ ತಂದು ಒಂದರಲ್ಲಿ ಕ್ಯಾನಿನಿಂದ, ಇನ್ನೊಂದರಲ್ಲಿ ಡ್ರಿಲ್ಲಿನ ತುದಿಯಿಂದ ನೀರು ಹಿಡಿದುಕೊಂಡು ಹೋದಳು.

ಉತ್ತರ ಬಂದದ್ದು ಒಂದು ಮಂಗಳವಾರ. ಲ್ಯಾಬಿಗೆ ಹೋದೆ. ಆ ನೀರಿನ ಹನಿ ಹಾಕಿ ಕೀಟಾಣು ಬೆಳೆಸಿದ ಎರಡು ಗಾಜಿನ ತಟ್ಟೆ. ಕ್ಯಾನಿನ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ಡ್ರಿಲ್ಲಿನ ತಟ್ಟೆಯಲ್ಲಿ ಚುಕ್ಕೆಗಳೇ ಇರಲಿಲ್ಲ. ತಟ್ಟೆ ತುಂಬ ಒಂದೇ ಹಸಿರು ಹಳದಿ ಪದರ.

"ಇದನ್ನ ಎಣಸಾಕ ಆಗೂದಿಲ್ಲ," ಎಂದಳು ಲತಾ. "ಯಾವ ಗಟಾರದಾಗಿಂದ ತಂದೀ ಅಂತ ಕೇಳ್ತಿದ್ದೆ, ನಾನ ಹಿಡಕೊಂಡು ಬರದಿದ್ರ."

"ನೀರು ಒಂದೇ ಅಲ್ವೇನೇ?"

"ನೀರು ಒಂದ. ಆದ್ರ ನೀ ಸಂಜಿಗೆ ಬಾಗ್ಲಾ ಹಾಕ್ಕೊಂಡು ಹೋಗ್ತಿ. ಆ ಸಣ್ಣ ಪೈಪಿನ್ಯಾಗ ನೀರು ನಿಂತಿರತದ. ಒಳಗ ಲೋಳಿ ಹಿಡೀತದ. ಆಮ್ಯಾಲೆ ಮ್ಯಾಲಿಂದ ಏನ ಸುರದ್ರೂ ಅಷ್ಟ. ಕುರ್ಚಿ ಬಂದ್ ಇಡು, ಮೊದ್ಲು ಅದನ್ನ ನೋಡು."

ಭಾನುವಾರ ಸೆಲ್ವಂನನ್ನು ಕರೆಸುತ್ತೇನೆ ಎಂದೆ. ವಾರದ ಅಪಾಯಿಂಟ್‌ಮೆಂಟುಗಳೆಲ್ಲ ತುಂಬಿದ್ದವು. ಡೈರಿಯಲ್ಲಿ ಮಂಗಳವಾರದ ಪುಟದಲ್ಲಿ ಐದೇ ಪದ: "ಲತಾ ತಟ್ಟೆ. ಕೆಟ್ಟದು. ಭಾನುವಾರ ಸೆಲ್ವಂ."

ಗೋವಿಂದಣ್ಣ ಬಂದದ್ದು ಗುರುವಾರ.

ಅವರು ನಮ್ಮ ಬೀದಿಯ ತುದಿಯ ಸಸ್ಯಾಹಾರಿ ಹೋಟೆಲಿನಲ್ಲಿ ಸ್ವೀಟ್ ಮಾಸ್ಟರ್. ಉಡುಪಿಯ ಕಡೆಯವರು. ಅವರು ಮಾಡುವ ಕಾಶಿ ಹಲ್ವ ತಿನ್ನಲು ಬೇರೆ ಬೇರೆ ಕಡೆಯಿಂದ ಜನ ಬರುತ್ತಿದ್ದರು. ಬೂದುಗುಂಬಳಕಾಯಿಯ ತುರಿ ಪಾಕದಲ್ಲಿ ಗಾಜಿನಂತೆ ಹೊಳೆಯಬೇಕು, ಆದರೆ ಎಳೆ ಎಳೆಯಾಗಿ ಉಳಿಯಬೇಕು. ಅದು ಅವರ ಕೈಗೆ ಮಾತ್ರ ಬರುತ್ತಿತ್ತು. ಕೆಳದವಡೆಯ ಕೊನೆಯ ಹಲ್ಲು ಅಡ್ಡಡ್ಡ ಬೆಳೆದು ಎಲುಬಿನಲ್ಲಿ ಹೂತಿತ್ತು. ಎಲುಬನ್ನು ಸ್ವಲ್ಪ ಕೊರೆದು ತೆಗೆಯಬೇಕು. ಎಲುಬು ಕೊರೆಯುವಾಗ ಡ್ರಿಲ್ಲಿನ ಸ್ವಂತ ನೀರನ್ನು ಬಳಸಬಾರದು, ಬಾಟಲಿಯ ಸಲೈನನ್ನು ಅಸಿಸ್ಟೆಂಟ್ ಸಿರಿಂಜಿನಲ್ಲಿ ಹಾಕುತ್ತಿರಬೇಕು. ಇದು ನನಗೆ ಆಗಲೂ ಗೊತ್ತಿತ್ತು. ಹಾಗೆಯೇ ಮಾಡುತ್ತಿದ್ದೆ. ಅವತ್ತು ಜಯಂತಿ ತಂಗಿಯ ಸೀಮಂತಕ್ಕೆಂದು ರಜೆ ಹಾಕಿದ್ದಳು. ನನಗೆ ಎರಡೇ ಕೈ.

ಸಲೈನ್ ಬಾಟಲಿ ಕಪಾಟಿನಲ್ಲಿತ್ತು. ಕಪಾಟು ನನ್ನ ಬೆನ್ನ ಹಿಂದೆ ನಾಲ್ಕು ಹೆಜ್ಜೆ. ಮೊದಲ ಸಲ ಬರೆದಾಗ, ನಾನು ಆ ಕಪಾಟಿನ ಕಡೆ ತಿರುಗಿ ಒಂದು ಗಳಿಗೆ ಯೋಚಿಸಿದೆ ಎಂದು ಬರೆದಿದ್ದೆ. ಈಗ ಅದನ್ನು ಹೊಡೆದು ಹಾಕಿದ್ದೇನೆ. ಡೈರಿಯಲ್ಲಿ ಅಂಥದ್ದೇನೂ ಇಲ್ಲ. ಆ ಹಿಂಜರಿಕೆಯನ್ನು ನಾನು ಆಮೇಲೆ, ನನ್ನ ಮೇಲಿನ ಕರುಣೆಯಿಂದ, ಸೇರಿಸಿಕೊಂಡಿರಬಹುದು. ಸೋಮವಾರ ಬನ್ನಿ ಗೋವಿಂದಣ್ಣ ಎಂದಿದ್ದರೆ ಅವರು ಸೋಮವಾರ ಬರುತ್ತಿದ್ದರು. ಹಾಗೆನ್ನದೆ ಡ್ರಿಲ್ಲಿನ ನೀರನ್ನೇ ಹರಿಯಬಿಟ್ಟೆ.

ಹಲ್ಲು ಬಂತು. ಹೊಲಿಗೆ ಹಾಕುವ ಮೊದಲು ಅವರು ಮುಕ್ಕಳಿಸಿ ಉಗಿದು, ನಾಲಿಗೆಯನ್ನು ಒಳಗೇ ಆಡಿಸಿದರು. ಅರ್ಧ ಬಾಯಿ ಮರಗಟ್ಟಿದ್ದರೂ ಉಳಿದರ್ಧ ಕೆಲಸ ಮಾಡುತ್ತಿತ್ತು.

"ಡಾಕ್ಟ್ರಮ್ಮ, ಒಂದು ಹೇಳ್ತೇನೆ, ಬೇಜಾರು ಮಾಡ್ಬೇಡಿ. ನಿಮ್ಮ ಯಂತ್ರದ ನೀರು ನಿಂತ ನೀರು ಮಾರಾಯ್ರೆ."

"ಕ್ಯಾನ್ ನೀರು ಗೋವಿಂದಣ್ಣ. ಬೋರ್ಡ್ ನೋಡಿ. ನಿಮ್ಮ ಹೋಟೆಲಿನ ನೀರಿಗಿಂತ ಚೊಕ್ಕ."

"ಕ್ಯಾನಿಂದು ಸರಿ ಉಂಟು. ಅಲ್ಲಿಂದ ನನ್ನ ಬಾಯಿಗೆ ಬರುವಾಗ ಎಂತದೋ ಆಗಿದೆ. ನಾನು ದಿನಾ ಪಾಕ ಮಾಡೋನು. ನೀರು ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ನನಗೆ ಗೊತ್ತಾಗ್ತದೆ."

"ಬಾಯಲ್ಲಿ ರಕ್ತ ಇದೆ, ಅದರ ರುಚಿ ಅದು. ಮಾತಾಡಬೇಡಿ ಈಗ."

ಅವರು ಒಪ್ಪಿಕೊಂಡರು. ಹತ್ತಿ ಕಚ್ಚಿಕೊಂಡು, ಕೈಸನ್ನೆಯಲ್ಲೇ ಹಲ್ವ ಕಳಿಸುತ್ತೇನೆ ಎಂದು ಹೇಳಿ ಹೋದರು.

ಲತಾ ತನ್ನ ತಟ್ಟೆಗಳಿಂದ ಹೇಳಿದ್ದನ್ನು ಅವರು ನಾಲಿಗೆಯಿಂದ ಹೇಳಿದ್ದರು. ಎರಡು ದಿನದಲ್ಲಿ ಎರಡು ಸಲ ನನಗೆ ಹೇಳಲಾಗಿತ್ತು.

ಭಾನುವಾರ ಸೆಲ್ವಂ ಬಂದು ಪೈಪಿನ ಒಂದು ತುಂಡು ಕತ್ತರಿಸಿ, ಸೀಳಿ, ಬೆರಳಿನಲ್ಲಿ ಒಳಗಿನದನ್ನು ತೆಗೆದು ತೋರಿಸಿದ. ಬೆಂಡೆಕಾಯಿಯ ಲೋಳೆಯ ಹಾಗಿತ್ತು. ಸೋಮವಾರ ಬೆಳಿಗ್ಗೆ ಗೋವಿಂದಣ್ಣ ಬಂದರು. ಕೆನ್ನೆ ಕುತ್ತಿಗೆಯವರೆಗೆ ಊದಿತ್ತು. ಬಾಯಿ ಒಂದು ಬೆರಳಿನಷ್ಟೂ ತೆರೆಯಲಿಲ್ಲ. ಜ್ವರ. ಜೊತೆಯಲ್ಲಿ ಅವರ ಹೆಂಡತಿ ಸುಮತಿಯಕ್ಕ. ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಅಲ್ಲಿ ದವಡೆಯ ಕೆಳಗೆ ಹೊರಗಿನಿಂದ ಕೊಯ್ದು ಕೀವು ತೆಗೆದರು. ಒಂದು ರಾತ್ರಿ ಉಸಿರಾಟಕ್ಕೂ ತೊಂದರೆಯಾಯಿತೆಂದು ಸುಮತಿಯಕ್ಕ ಆಮೇಲೆ ಹೇಳಿದರು. ಹನ್ನೊಂದು ದಿನ ಅವರು ಅಲ್ಲಿದ್ದರು.

ಕೀವಿನ ರಿಪೋರ್ಟಿನ ಒಂದು ಪ್ರತಿ ನನಗೂ ಬಂತು. ಲತಾಳಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ ಓದಿ, "ನಿನ್ನ ತಟ್ಟಿಯೊಳಗಿದ್ದ ಜಾತೀನ ಇದು," ಎಂದಳು. ರಿಪೋರ್ಟನ್ನು ಮಡಚಿ ಕೊಡುತ್ತಾ, "ಹಂಗಂತ ನಿನ್ನ ನೀರಿಂದನ ಬಂತು ಅಂತ ನಾ ಬರದು ಕೊಡಾಂಗಿಲ್ಲ," ಎಂದೂ ಹೇಳಿದಳು. ಆ ಎರಡನೆಯ ವಾಕ್ಯವನ್ನು ನಾನು ಬಹಳ ವರ್ಷ ಜೋಪಾನವಾಗಿಟ್ಟುಕೊಂಡಿದ್ದೆ. ಅದು ನಿಜವೂ ಹೌದು. ಖಚಿತ ಪುರಾವೆ ನನ್ನ ಬಳಿ ಇವತ್ತಿಗೂ ಇಲ್ಲ. ಆದರೆ ಪುರಾವೆ ಇಲ್ಲದಿದ್ದದ್ದು ನನಗೆ ಸಮಾಧಾನ ಕೊಟ್ಟಿತಲ್ಲ, ನಾಚಿಕೆಪಡಬೇಕಾದದ್ದು ಅದಕ್ಕೇ.

ಆಸ್ಪತ್ರೆಗೆ ನೋಡಲು ಹೋದಾಗ ಸುಮತಿಯಕ್ಕ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದರು.

"ಯಾಕೆ ಹೀಗಾಯ್ತು ಡಾಕ್ಟ್ರಮ್ಮ? ನೀವು ಎಷ್ಟು ಜನರ ಹಲ್ಲು ತೆಗೀತೀರಿ, ಇವರಿಗೆ ಮಾತ್ರ ಯಾಕೆ?"

ಗೊತ್ತಿಲ್ಲ ಎನ್ನಬಹುದಾಗಿತ್ತು. ತಪ್ಪಾಯಿತು ಎನ್ನಬಹುದಾಗಿತ್ತು. ಮಂಚದ ತುದಿಗೆ ನೇತುಹಾಕಿದ್ದ ಚಾರ್ಟು ನೋಡಿದೆ. ಸಕ್ಕರೆ ಸ್ವಲ್ಪ ಹೆಚ್ಚಿತ್ತು. ಅಷ್ಟು ಕೀವು ತುಂಬಿದರೆ ಯಾರ ಸಕ್ಕರೆಯಾದರೂ ಏರುತ್ತದೆ ಎಂದು ನನಗೆ ಗೊತ್ತಿತ್ತು.

"ಸಕ್ಕರೆ ಇದೆ ಇವರಿಗೆ," ಎಂದೆ. "ದಿನವಿಡೀ ಪಾಕ ನಾಲಿಗೆಗೆ ಹಚ್ಚಿ ನೋಡ್ತಾರಲ್ಲ. ಅದರಿಂದ."

ಸುಮತಿಯಕ್ಕ ಗಂಡನ ಕಡೆ ತಿರುಗಿದರು. "ಕೇಳಿದ್ರಾ? ಎಷ್ಟು ಸಲ ಬಡ್ಕೊಂಡಿದ್ದೆ, ನಾಲಿಗೆ ಹಿಡಿತದಲ್ಲಿ ಇಟ್ಕೊಳ್ಳಿ ಅಂತ! ನನ್ನ ಮಾತಿಗೆ ಬೆಲೆ ಉಂಟಾ ನಿಮಗೆ?"

ಬ್ಯಾಂಡೇಜು ಸುತ್ತಿದ ಮುಖದಲ್ಲಿ ಗೋವಿಂದಣ್ಣ ತಪ್ಪು ಸಿಕ್ಕಿಬಿದ್ದವರಂತೆ ಕಣ್ಣು ಕೆಳಗೆ ಹಾಕಿದರು. ತಲೆಯಾಡಿಸಿದರು. ನಾನು ಅವರಿಗೆ ಹಣ್ಣು ಕೊಟ್ಟು ಬಂದೆ.

ಅವರು ಸ್ವೀಟ್ ಮಾಡುವುದನ್ನು ಬಿಟ್ಟರು. ಹೋಟೆಲಿನ ಯಜಮಾನರು ಅವರನ್ನು ಸ್ಟೋರಿಗೆ ಹಾಕಿದರು. ಬಂದ ತರಕಾರಿ, ಬೇಳೆ ನೋಡಿ ಇಳಿಸಿಕೊಳ್ಳುವ ಕೆಲಸ. ಆರು ತಿಂಗಳ ಮೇಲೆ ಹಲ್ಲು ತೋರಿಸಲು ಬಂದಾಗ, "ನಿಮ್ಮ ಮಾತು ಕೇಳಿದೆ ನೋಡಿ ಡಾಕ್ಟ್ರಮ್ಮ. ಒಂದು ಚೂರು ಸಕ್ಕರೆ ಬಾಯಿಗೆ ಹಾಕಿಲ್ಲ," ಎಂದರು ಹೆಮ್ಮೆಯಿಂದ.

"ಹಲ್ವ ಯಾರು ಮಾಡ್ತಾರೆ ಈಗ?"

"ಒಬ್ಬ ಇದ್ದಾನೆ. ಅವ ಮಾಡೋದು ಹಲ್ವ ಅಲ್ಲ, ಪೋಸ್ಟರ್ ಅಂಟಿಸ್ಲಿಕ್ಕೆ ಆಗ್ತದೆ."

ಇಬ್ಬರೂ ನಕ್ಕೆವು. ಆ ನಗೆ ನನಗೆ ಚೆನ್ನಾಗಿ ನೆನಪಿದೆ, ಡೈರಿಯಲ್ಲೂ ಇದೆ. ಮರೆಯಬೇಕಾದದ್ದು ಮಾತ್ರ ಮರೆಯುವುದಿಲ್ಲ.

ಸಲಕರಣೆಯ ಕೆಲಸಕ್ಕೆ ನಾನು ಕೈಹಾಕಿದ್ದು ಗೋವಿಂದಣ್ಣ ಆಸ್ಪತ್ರೆ ಸೇರಿದ ವಾರದಲ್ಲೇ. ಅದು ವಿಜ್ಞಾನದ ಕುತೂಹಲದಿಂದ ಎಂದು ಸಂದರ್ಶನವೊಂದರಲ್ಲಿ ಹೇಳಿದ್ದೇನೆ. ನಿಜವಾಗಿ ಅದು ಹೆದರಿಕೆಯಿಂದ. ಮತ್ತೊಬ್ಬರು ಊದಿದ ಕೆನ್ನೆಯಲ್ಲಿ ಬಂದು ನಿಂತರೆ ಇನ್ನೊಂದು ಸುಳ್ಳು ಹುಡುಕಬೇಕಲ್ಲ ಎಂಬ ಹೆದರಿಕೆ.

ಮೊದಲು ಪೈಪಿಗೆ ಬ್ಲೀಚಿಂಗ್ ನೀರು ಬಿಟ್ಟೆ. ಕೀಟಾಣು ಕಡಿಮೆಯಾಯಿತು, ಜೊತೆಗೆ ಎರಡು ಡ್ರಿಲ್ಲುಗಳ ಬೇರಿಂಗೂ ಹೋಯಿತು. "ಈಜುಕೊಳದಲ್ಲಿ ಹಲ್ಲು ಕೀಳಿಸಿಕೊಂಡ ಹಾಗಿದೆ" ಎಂದು ಪೇಷಂಟುಗಳು ಮುಖ ಕಿವಿಚಿದರು. ಸೆಲ್ವಂ ತುಕ್ಕು ಹಿಡಿದ ಬೇರಿಂಗನ್ನು ಅಂಗೈಯಲ್ಲಿಟ್ಟು ತೋರಿಸಿ, "ಇನಿಮೇ ಇದೆ ಊತ್ತಾದೀಂಗ ತಾಯಿ," ಎಂದು ಕೈಮುಗಿದ. ಇನ್ನು ಮೇಲೆ ಇದನ್ನು ಸುರಿಯಬೇಡಿ ಎಂದು. ಆಮೇಲೆ ಬಿಸಿನೀರು, ಪೈಪು ಮೆತ್ತಗಾಗಿ ಜೋತುಬಿತ್ತು. ವಿನಿಗರ್, ಕ್ಲಿನಿಕ್ಕೆಲ್ಲ ಉಪ್ಪಿನಕಾಯಿ ಭರಣಿ. ಸಂಜೆ ನೀರು ಖಾಲಿ ಮಾಡಿ ಗಾಳಿ ಊದಿ ಒಣಗಿಸಿದ್ದು ಸ್ವಲ್ಪ ಉಪಯೋಗಕ್ಕೆ ಬಂತು. ಆದರೆ ಒಮ್ಮೆ ಕೂತ ಲೋಳೆ ಒಣಗಿದರೂ ಮೇಲೇಳುತ್ತಿರಲಿಲ್ಲ. ನೀರು ತಾಗಿದೊಡನೆ ಮತ್ತೆ ಹಸಿಯಾಗುತ್ತಿತ್ತು.

ಆ ಉದ್ದದ ಪೈಪನ್ನು ಶುದ್ಧ ಮಾಡುವುದೇ ತಪ್ಪು ದಾರಿ ಎಂದು ನನಗೆ ಹೊಳೆಯಲು ಒಂದು ವರ್ಷ ಹಿಡಿಯಿತು. ಪೈಪನ್ನೇ ಬಿಟ್ಟುಬಿಡುವುದು. ನೀರು ತಾಗುವ ಪ್ರತಿಯೊಂದು ಭಾಗವೂ ಸಂಜೆ ಕಳಚಿ ಕೈಗೆ ಬರಬೇಕು, ಸಲಕರಣೆಗಳ ಜೊತೆ ಸ್ಟೆರಿಲೈಸರ್‌ನಲ್ಲಿ ಬೇಯಬೇಕು, ಒಣಗಿ ರಾತ್ರಿ ಕಳೆಯಬೇಕು. ಪ್ಯಾರೀಸ್ ಕಾರ್ನರ್‌ನ ಸಗಟು ಅಂಗಡಿಯೊಂದರಲ್ಲಿ ಬಿಸಿ ತಡೆಯುವ ಸಿಲಿಕೋನ್ ಟ್ಯೂಬನ್ನು ಮೀಟರ್ ಲೆಕ್ಕದಲ್ಲಿ ಕೊಂಡೆ. ಒಂದು ಬಾಟಲಿ, ಎರಡು ತೂತಿನ ಮುಚ್ಚಳ, ಒಂದು ತೂತಿನಿಂದ ಗಾಳಿಯ ಒತ್ತಡ ಒಳಗೆ, ಇನ್ನೊಂದರಿಂದ ನೀರು ಗಿಡ್ಡ ಟ್ಯೂಬಿನಲ್ಲಿ ನೇರ ಡ್ರಿಲ್ಲಿನ ತುದಿಗೆ.

"ಇದು ಹಲ್ಲಿನ ಕುರ್ಚಿಯಾ, ಮೀನಿನ ತೊಟ್ಟಿಯಾ?" ಎಂದು ಸೆಲ್ವಂ ತಮಿಳಿನಲ್ಲಿ ಗೊಣಗಿದ. ಆದರೂ ಲೇತಿನವನ ಹತ್ತಿರ ಕೂತು ಮುಚ್ಚಳ ಮಾಡಿಸಿ ತಂದ. ಮೊದಲ ಸಲ ಗಾಳಿ ಬಿಟ್ಟಾಗ ಆ ಮುಚ್ಚಳ ಹಾರಿ ಟ್ಯೂಬ್‌ಲೈಟಿಗೆ ಬಡಿದು, ನಾವು ಮೂವರೂ ನೆನೆದೆವು. ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಜಯಂತಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, "ರಾಕೆಟ್ ವಿಟ್ಟಾಚು ಮೇಡಂ. ಮುಂದಿನದು ಚಂದ್ರನಿಗೇ," ಎಂದಳು.

ಆರನೆಯ ಮುಚ್ಚಳ ನಿಂತಿತು. ಲತಾ ತಟ್ಟೆ ನೋಡಿ, ಇನ್ನೊಮ್ಮೆ ನೀರು ಹಿಡಿದು, ಇನ್ನೊಂದು ತಟ್ಟೆ ನೋಡಿ, "ಈಗ ಬೋರ್ಡ್ ಹಾಕು," ಎಂದಳು. ಇದರಲ್ಲಿ ನೀವು ತಿಳಿಯಬೇಕಾದದ್ದು ಇಷ್ಟೇ. ಯಾವ ಔಷಧಿ ಹಾಕಿದರೂ ಹಾಕದಿದ್ದರೂ, ನೀರನ್ನು ಎಲ್ಲಿ ಹಾಕುತ್ತೀರೋ ಅಲ್ಲಿ ಪರೀಕ್ಷೆ ಮಾಡಬೇಡಿ. ಎಲ್ಲಿ ಬಾಯಿಗೆ ಬೀಳುತ್ತದೋ ಅಲ್ಲಿ ಹಿಡಿದು ಮಾಡಿ. ಕೆಟ್ಟದ್ದೆಂದು ಗೊತ್ತಾದ ದಿನವೇ ಕುರ್ಚಿ ನಿಲ್ಲಿಸಿ. ಭಾನುವಾರದವರೆಗೆ ಕಾಯಬೇಡಿ.

ಆಮೇಲೆ ನನ್ನನ್ನು ಭಾಷಣಕ್ಕೆ ಕರೆಯತೊಡಗಿದರು. ಸೆಲ್ವಂ ಸೀಳಿದ ಪೈಪಿನ ಫೋಟೋ ತೋರಿಸುತ್ತಿದ್ದೆ. ಸಭೆ ಹೌಹಾರುತ್ತಿತ್ತು. "ಇದು ನಗರದ ಒಂದು ಕ್ಲಿನಿಕ್ಕಿನದು," ಎನ್ನುತ್ತಿದ್ದೆ. ಸುಳ್ಳಲ್ಲ. ಕೇಳಿದವರೆಲ್ಲ ಯಾವುದೋ ಕೊಳಕು ಕ್ಲಿನಿಕ್ಕನ್ನು ಕಲ್ಪಿಸಿಕೊಳ್ಳುತ್ತಿದ್ದರು, ನಾನು ಕಲ್ಪಿಸಿಕೊಳ್ಳಲು ಬಿಡುತ್ತಿದ್ದೆ. "ಆ ಕ್ಲಿನಿಕ್ಕಿನ ಒಬ್ಬ ಪೇಷಂಟಿಗೆ ದವಡೆಯಲ್ಲಿ ಕೀವಾಯಿತು" ಎಂದೂ ಸೇರಿಸುತ್ತಿದ್ದೆ. ಚಪ್ಪಾಳೆ ಬರುತ್ತಿತ್ತು. ಗೋವಿಂದಣ್ಣನನ್ನು ನಾನು ಹೀಗೆ ಬಹಳ ಊರುಗಳಿಗೆ ಕರೆದುಕೊಂಡು ಹೋಗಿದ್ದೇನೆ, ಅವರಿಗೆ ಗೊತ್ತಿಲ್ಲದೆ.

ಕ್ಲಿನಿಕ್ ಮುಚ್ಚುವ ವರ್ಷ ಕೊನೆಯ ಭಾಷಣದಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಆಗಷ್ಟೇ ಡಿಗ್ರಿ ಮುಗಿಸಿದವಳಿರಬೇಕು. "ಮೇಡಂ, ಆ ಪೇಷಂಟಿಗೆ ಆ ಡಾಕ್ಟರ್ ಹೇಳಿದರಾ? ನೀರಿನಿಂದ ಆಗಿರಬಹುದು ಅಂತ?"

"ಅದು ನನಗೆ ತಿಳಿಯದು," ಎಂದೆ.

ಅಷ್ಟು ವರ್ಷಗಳ ಮೇಲೆ ಮೊದಲ ಬಾರಿ ಸಭೆಯಲ್ಲಿ, ಚೀಫ್ ಬೇಡವೆಂದಿದ್ದ ಗೊತ್ತಿಲ್ಲ ಎಂಬ ಆ ಮಾತು ಹೇಳಿದ್ದೆ, ತಿಳಿದಿದ್ದ ವಿಷಯಕ್ಕೆ.

ಆಗಲೂ ನನ್ನ ಹತ್ತಿರ ಒಂದು ಆಸರೆ ಇತ್ತು. ಗೋವಿಂದಣ್ಣನಿಗೆ ಕಾಯಿಲೆಯಾದ ಮೇಲೆ ನಾನು ಎಚ್ಚೆತ್ತು ನೀರು ಪರೀಕ್ಷೆ ಮಾಡಿಸಿದೆ ಎಂದು ನಾನು ನಂಬಿದ್ದೆ. ನಂಬಿದ್ದೆ ಎನ್ನುವಾಗ ನಾಟಕ ಮಾಡುತ್ತಿಲ್ಲ. ನಿಜವಾಗಿ ಹಾಗೆಯೇ ನೆನಪಿತ್ತು. ಮೊದಲ ಬರಹದಲ್ಲೂ ಹಾಗೆಯೇ ಬರೆದಿದ್ದೆ. ಗೊತ್ತಿಲ್ಲದೆ ಆದದ್ದು ಎಂದರೆ ಅದು ಬೇರೆ. ಡೈರಿಯಲ್ಲಿ ಮಂಗಳವಾರದ ಪುಟ ಗುರುವಾರದ ಪುಟಕ್ಕಿಂತ ಮೊದಲೇ ಇತ್ತು, ಅದೂ ನನ್ನದೇ ಅಕ್ಷರದಲ್ಲಿ. ನನ್ನ ನೆನಪು ಎರಡು ಪುಟಗಳನ್ನು ಅದಲುಬದಲು ಮಾಡಿ, ಅಂಟು ಹಾಕಿ, ಇಷ್ಟು ವರ್ಷ ನನಗೆ ಓದಿ ಹೇಳುತ್ತಿತ್ತು.

ಗೋವಿಂದಣ್ಣನ ವಿಳಾಸ ಆ ಹೋಟೆಲಿನಲ್ಲಿ ಸಿಕ್ಕಿತು. ತಾಂಬರಂನಲ್ಲಿ ಮಗಳ ಮನೆ. ಎಲೆಕ್ಟ್ರಿಕ್ ಟ್ರೇನಿನಲ್ಲಿ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮೂರು ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸಿದೆ. ಪಲ್ಲಾವರಂ ದಾಟುವಾಗ ಹಿಂದಕ್ಕೆ ಹೋಗೋಣವೆಂದುಕೊಂಡೆ. ಜನ ಕಿಕ್ಕಿರಿದಿದ್ದರು, ಬಾಗಿಲವರೆಗೆ ಹೋಗಲಾಗಲಿಲ್ಲ. ಧೈರ್ಯದಿಂದ ಹೋದೆ ಎಂದು ಬರೆಯುವ ಹಾಗಿಲ್ಲ.

ಬಾಗಿಲು ತೆರೆದವಳು ಮಗಳು ವಿದ್ಯಾ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ತಮಿಳಿ‌ನಲ್ಲಿ. ಗೋವಿಂದಣ್ಣ ಸಣಕಲಾಗಿದ್ದರು. ದವಡೆಯ ಕೆಳಗಿನ ಗಾಯದ ಗುರುತು ಸುಕ್ಕಿನಲ್ಲಿ ಸೇರಿಹೋಗಿತ್ತು. ಗೋಡೆಯ ಮೇಲೆ ಸುಮತಿಯಕ್ಕನ ಫೋಟೋ, ಅದಕ್ಕೆ ಹಾರ. ಹೋಗಿ ಎರಡು ವರ್ಷವಾಯಿತಂತೆ.

"ವಿದ್ಯಾ, ಯಾರು ಗೊತ್ತುಂಟಾ? ನನ್ನ ಜೀವ ಉಳಿಸಿದ ಡಾಕ್ಟ್ರು! ಆ ದಿನ ಇವರು ಆಸ್ಪತ್ರೆಗೆ ಓಡಿಸದಿದ್ರೆ ನಾನೆಲ್ಲಿ ಇರ್ತಿದ್ದೆ? ಕೂತ್ಕೊಳ್ಳಿ, ಕೂತ್ಕೊಳ್ಳಿ. ಕಾಫಿ ತಾ ಮಗಾ. ನನಗೆ ಸಕ್ಕರೆ ಬೇಡ, ಅವರಿಗೆ ಹಾಕು."

ಕಾಫಿ ಬರುವ ಮೊದಲೇ ಹೇಳಿದೆ. "ಗೋವಿಂದಣ್ಣ, ನಿಮಗೆ ಆದದ್ದು ಪಾಕದಿಂದ ಅಲ್ಲ. ನನ್ನ ಡ್ರಿಲ್ಲಿನ ನೀರು ಕೆಟ್ಟಿತ್ತು, ಅದರಿಂದ ಆಗಿರೋದು ಅಂತಲೇ ನನಗೆ ಅನ್ನಿಸೋದು. ಕೆಟ್ಟಿದೆ ಅಂತ ಎರಡು ದಿನ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ನಿಮಗೆ ಬಳಸಿದೆ. ಆಮೇಲೆ ತಪ್ಪನ್ನ ನಿಮ್ಮ ಮೇಲೆ ಹಾಕಿದೆ."

ಅವರು ನನ್ನನ್ನೇ ನೋಡಿದರು. ನಗು ಮುಖದ ಮೇಲೆ ಇನ್ನೂ ಇತ್ತು, ತೆಗೆಯಲು ಮರೆತವರಂತೆ.

"ಎಂತದು?"

ಇನ್ನೊಮ್ಮೆ ಹೇಳಿದೆ. ಎರಡನೆಯ ಸಲ ಮೂರು ವಾಕ್ಯಗಳೂ ಕಲಸಿಹೋದವು. ವಿದ್ಯಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನಾನು ಅವತ್ತೇ ಹೇಳಿದ್ದೆ," ಎಂದರು ಗೋವಿಂದಣ್ಣ, ನಿಧಾನವಾಗಿ. "ನೀರು ಸರಿ ಇಲ್ಲ ಅಂತ. ಹೇಳಿದ್ದೆ ಅಲ್ವಾ?"

"ಹೇಳಿದ್ರಿ."

"ಮತ್ತೆ ನೀವು ಸಕ್ಕರೆ ಅಂದ್ರಿ. ಡಾಕ್ಟ್ರು ಹೇಳಿದ ಮೇಲೆ ಮುಗೀತು. ನನ್ನ ನಾಲಿಗೆ ಹೇಳಿದ್ದನ್ನ ನಾನೇ ನಂಬ್ಲಿಲ್ಲ." ದವಡೆಯ ಗುರುತನ್ನು ಬೆರಳಿನಿಂದ ಮುಟ್ಟಿ, "ಹಾಗಾದ್ರೆ ಕೆಲಸ ಬಿಡ್ಬೇಕು ಅಂತ ಇರ್ಲಿಲ್ಲ," ಎಂದರು. ಅದು ಪ್ರಶ್ನೆಯಾಗಿರಲಿಲ್ಲ.

"ಸಕ್ಕರೆ ಆಮೇಲೆ..."

"ಆಮೇಲೆ ಯಾವತ್ತೂ ಬರ್ಲಿಲ್ಲ. ಪ್ರತಿ ಸಲ ನಾರ್ಮಲ್. ನಾನು ಪಾಕ ಬಿಟ್ಟದ್ದಕ್ಕೇ ನಾರ್ಮಲ್ ಅಂತ ಎಣಿಸಿದ್ದೆ."

ವಿದ್ಯಾ ಮಾತಾಡಿದಳು. "ಅಮ್ಮಾ ಸಾಗುರ ವರೈಕ್ಕುಂ ಅಪ್ಪಾವೆ ತಿಟ್ಟಿಟ್ಟೇ ಇರುಂದಾಂಗ." ಅಮ್ಮ ಸಾಯುವವರೆಗೂ ಅಪ್ಪನನ್ನು ಬೈಯುತ್ತಲೇ ಇದ್ದಳು. ಅವನ ನಾಲಿಗೆ ಚಪಲದಿಂದ ತಾನು ವಿಧವೆಯಾಗುತ್ತಿದ್ದೆ ಎಂದು, ಯಾರು ಮನೆಗೆ ಬಂದರೂ ಅವರೆದುರಿಗೆ. ಮಗಳ ಹುಟ್ಟುಹಬ್ಬಕ್ಕೂ ಮನೆಯಲ್ಲಿ ಒಂದು ಸಿಹಿ ಮಾಡಿದವರಿಲ್ಲ. ಇಷ್ಟನ್ನು ಅವಳು ದನಿ ಏರಿಸದೆ ಹೇಳಿದಳು. ಕೊನೆಗೆ ಕೇಳಿದಳು: "ಇಪ್ಪೊ ಎದುಕ್ಕು ವಂದು ಸೊಲ್ರೀಂಗ ಡಾಕ್ಟರ್? ಉಂಗ ನಿಮ್ಮದಿಕ್ಕಾ?" ಈಗ ಯಾಕೆ ಬಂದು ಹೇಳುತ್ತಿದ್ದೀರಿ, ನಿಮ್ಮ ನೆಮ್ಮದಿಗಾ?

"ಇದ್ದರೂ ಇರಬಹುದು," ಎಂದೆ. "ಗೊತ್ತಿಲ್ಲ."

ಗೋವಿಂದಣ್ಣ ಮಗಳಿಗೆ ಕೈಯಿಂದ ಸುಮ್ಮನಿರು ಎಂದರು. ಅವರು ನನ್ನನ್ನು ನೋಡುತ್ತಿರಲಿಲ್ಲ, ಫೋಟೋ ನೋಡುತ್ತಿದ್ದರು. "ನನಗೆ ಹೇಳಿದ್ರಿ, ಆಯ್ತು. ಇವಳಿಗೆ ಯಾರು ಹೇಳೋದು?"

ವಿದ್ಯಾ ಕಾಫಿ ತಂದು ನನ್ನೆದುರಿಗೆ ಇಟ್ಟಳು. ಕುಡಿದೆ. ಬಿಟ್ಟು ಏಳುವುದು ಇನ್ನೂ ಕಷ್ಟವಾಗಿತ್ತು.

ಹೊರಡುವಾಗ ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದೆ. ಹೊಸಬರಿಗೆ ಉಪಯೋಗವಾಗುತ್ತದೆ ಎಂದೆ. ಹೇಳಿದ ಮೇಲೆ, ಅವರಿಂದ ಇನ್ನೂ ಏನನ್ನೋ ಕೇಳುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು.

"ಬರೀರಿ," ಎಂದರು. "ನನ್ನ ಹೆಸರು ಬೇಡ. ಹೋಟ್ಲಿನ ಹೆಸರೂ ಬೇಡ, ಅವರು ಅನ್ನ ಹಾಕಿದವರು."

ನಾನು ಮೆಟ್ಟಿಲು ಇಳಿಯುತ್ತಿದ್ದೆ. ಅವರು ಗ್ರಿಲ್ ಹಿಡಿದುಕೊಂಡು ಬಾಗಿಲವರೆಗೆ ಬಂದಿದ್ದರು.

"ಡಾಕ್ಟ್ರಮ್ಮ."

ತಿರುಗಿ ನೋಡಿದೆ.

"ಕೊನೆಗೆ ನಾನು ಕ್ಷಮಿಸಿದೆ ಅಂತ ಮಾತ್ರ ಬರೀಬೇಡಿ. ಅದನ್ನ ನಾನಿನ್ನೂ ಯೋಚನೆ ಮಾಡ್ಲಿಲ್ಲ."

ಆಗಲಿ ಎಂದೆ.